ಒಂದೇ ತಿಂಗಳಲ್ಲಿ ಎರಡು ಬದಲಾವಣೆ
(ಮಹಿಳಾ ವಿಭಾಗದ ಅರಶಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹರೂಪ)



ಮಾತಾಡಲು ಕರೆದಾಗ "ಆನ್‌ಲೈನ್ ಮೋಸದ ಬಗ್ಗೆ ಹೇಳು, ನಿನ್ನದೇ ಕ್ಷೇತ್ರವಲ್ಲವಾ" ಎಂದಿದ್ದರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಮಗನ ಬಗ್ಗೆ ಹೇಳುತ್ತೇನೆ ಎಂದೆ. ಫೋನಿನ ಆ ಕಡೆ ಒಂದು ಕ್ಷಣ ಮೌನ. ಆಮೇಲೆ "ಹೇಳು ಮಾರಾಯ್ತಿ" ಎಂದರು.

ನನ್ನ ಮಗನಿಗೆ ಈಗ 10 ವರ್ಷ. ನಾಲ್ಕನೇ ತರಗತಿ. ಅವನ ಹೆಸರು ಹೇಳುವುದಿಲ್ಲ. ನಾಳೆ ದೊಡ್ಡವನಾಗಿ ಇದನ್ನು ಓದಿದರೆ ಅವನಿಗೆ ಮುಜುಗರವಾಗಬಾರದು. ಮನೆಯಲ್ಲಿ ಪುಟ್ಟ ಎನ್ನುತ್ತೇವೆ. 2019ರಲ್ಲಿ, ಮೂರೂವರೆ ವರ್ಷದವನಿದ್ದಾಗ ಅವನಿಗೆ ಆಟಿಸಂ ಇದೆ ಎಂದು ಗೊತ್ತಾಯಿತು. ಕನ್ನಡದಲ್ಲಿ ಸ್ವಲೀನತೆ ಎಂದು ಬರೆಯುತ್ತಾರೆ. ನನಗೆ ಆ ಶಬ್ದ ಅಷ್ಟಾಗಿ ಹಿಡಿಸುವುದಿಲ್ಲ. ತನ್ನೊಳಗೇ ಲೀನವಾಗಿದ್ದರೆ ಅವನಿಗೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ. ಹೊರಗಿನದ್ದೆಲ್ಲ ಅವನಿಗೆ ನಮಗಿಂತ ಹೆಚ್ಚು ಕೇಳುತ್ತದೆ, ಹೆಚ್ಚು ತಾಗುತ್ತದೆ. ಮಿಕ್ಸರ್ ಶಬ್ದ, ಕುಕ್ಕರಿನ ಸೀಟಿ, ಲೋಕಲ್ ರೈಲಿನ ಹಾರ್ನ್.

ಮೊದಲು ಸಿಕ್ಕ ಸಲಹೆ: ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಮಗುವಿಗೆ ಗೊಂದಲವಾಗುತ್ತದೆ. ನಾವು ಎಂಟು ತಿಂಗಳು ಅದನ್ನು ಪಾಲಿಸಿದೆವು. ಪರಿಣಾಮ ಏನೆಂದರೆ ನಮ್ಮ ಅತ್ತೆ ಮೌನವಾದರು. ಕನ್ನಡ, ತುಳು ಬಿಟ್ಟರೆ ಅವರಿಗೆ ಬೇರೆ ಭಾಷೆ ಬರುವುದಿಲ್ಲ. ಮೊಮ್ಮಗ ಪಕ್ಕದಲ್ಲೇ ಕೂತಿದ್ದರೂ ಅವನೊಡನೆ ಏನು ಮಾತಾಡಬೇಕೆಂದು ತಿಳಿಯದೆ ಬೀನ್ಸ್ ನಾರು ತೆಗೆಯುತ್ತಾ ಕೂರುತ್ತಿದ್ದರು. ಆಮೇಲೆ ಸಿಕ್ಕ ಸ್ಪೀಚ್ ಥೆರಪಿಸ್ಟ್ ಬೈದರು. ಎರಡು ಭಾಷೆ ಕೇಳುವುದರಿಂದ ಇಂಥ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಸಂಶೋಧನೆಗಳು ಹೇಳುತ್ತವೆ, ಮನೆಯವರು ಪ್ರೀತಿಯಿಂದ ಆಡುವ ಭಾಷೆಯೇ ಮಗುವಿಗೆ ಬೇಕು ಎಂದರು. ಪುಟ್ಟನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ "ಅಜ್ಜಿ, ಫ್ಯಾನ್ ಬೇಡ". ಊರಲ್ಲಿ ನಿಮ್ಮ ಸಂಬಂಧಿಕರಿಗೆ ಕನ್ನಡದಲ್ಲೇ ಮಾತಿನ ತರಬೇತಿ ಬೇಕಾದರೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ; ಬೆಂಗಳೂರಿನಲ್ಲಿ ಡಾ. ಪ್ರತಿಭಾ ಕಾರಂತರು ಶುರುಮಾಡಿದ ಕಾಂ ಡಿಯಾಲ್ ಇದೆ. ಇಲ್ಲಿ ಮುಂಬಯಿಯಲ್ಲಿ ಡಾ. ವಿಭಾ ಕೃಷ್ಣಮೂರ್ತಿಯವರು 2001ರಲ್ಲಿ ಸ್ಥಾಪಿಸಿದ ಉಮ್ಮೀದ್ ಇದೆ.

ಲಾಕ್‌ಡೌನಿನ ಎರಡು ವರ್ಷ, ನಾಚಿಕೆ ಬಿಟ್ಟು ಹೇಳುತ್ತೇನೆ, ನಮ್ಮ ಮನೆಯಲ್ಲಿ ಅತ್ಯಂತ ಶಾಂತವಾದ ಕಾಲ. ಶಾಲೆಯಿಲ್ಲ, ಬಸ್ಸಿಲ್ಲ, ಗದ್ದಲವಿಲ್ಲ. 2022ರ ಏಪ್ರಿಲ್ 2ರಂದು ನಮ್ಮ ಬೊರಿವಲಿಗೆ ಮೆಟ್ರೋ ಬಂತು. ಅದು ವಿಶ್ವ ಆಟಿಸಂ ಜಾಗೃತಿ ದಿನವೂ ಹೌದು. ಮೆಟ್ರೋದವರಿಗೆ ಅದು ಗೊತ್ತಿರಲಿಕ್ಕಿಲ್ಲ. ಪುಟ್ಟನಿಗೆ ಮಾತ್ರ ಅದು ಹಬ್ಬ. ಕಂದರಪಾಡಾ, ಮಂಡಪೇಶ್ವರ, ಏಕ್ಸರ್ ಎಂದು ನಿಲ್ದಾಣಗಳನ್ನು ಮುಂದಿನಿಂದ ಹಿಂದೆ, ಹಿಂದಿನಿಂದ ಮುಂದೆ ಹೇಳುತ್ತಿದ್ದ. ಬಾಗಿಲು ಇಂಥ ಹೊತ್ತಿಗೆ ತೆರೆಯುತ್ತದೆ, ಮುಂದಿನ ನಿಲ್ದಾಣ ಇಂಥದ್ದು ಎಂದು ಮೊದಲೇ ಹೇಳುತ್ತಾರೆ. ಶಾಲೆಯಲ್ಲಿ ಹಾಗೆ ಯಾರೂ ಹೇಳುವುದಿಲ್ಲವಲ್ಲ.

ಅದೇ ಜೂನ್‌ನಲ್ಲಿ ಒಂದನೇ ತರಗತಿ ಶುರುವಾಯಿತು. ಬೆಳಿಗ್ಗೆ ಹೊಟ್ಟೆನೋವು, ವಾಂತಿ. ರಾತ್ರಿ ಹನ್ನೊಂದರ ತನಕ ಒಂದೇ ಪ್ರಶ್ನೆ: "ನಾಳೆ ಯಾವ ಟೀಚರ್?" ನಾನು ಉತ್ತರ ಕೊಟ್ಟ ಮರುಕ್ಷಣ ಪುನಃ ಅದೇ. ಒಂದು ರಾತ್ರಿ ಎಣಿಸಿದೆ, ನಲವತ್ತೆರಡು ಸಲ. ಹಟ ಎಂದುಕೊಂಡು ಬೈದಿದ್ದೇನೆ, ಒಮ್ಮೆ ಕೈಯೂ ಎತ್ತಿದ್ದೇನೆ. ಅದು ಆತಂಕ ಎಂದು ನಮಗೆ ಹೊಳೆಯಲೇ ಇಲ್ಲ. ಆಟಿಸಂ ಇರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಆತಂಕದ ಸಮಸ್ಯೆಯೂ ಇರುತ್ತದೆ ಎಂದು 2011ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಹೇಳುತ್ತದೆ. ನಾನದನ್ನು ಓದಿದ್ದು ಕೈ ಎತ್ತಿದ ಮೇಲೆ.

ತರಗತಿಯಲ್ಲಿ ಅವನು ಕಿರುಚಿ ಪುಸ್ತಕ ಎಸೆದ ದಿನದಿಂದ ಶಾಲೆಯ ಫೋನ್ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆ ಚಳಿಗಾಲದಲ್ಲಿ ವೈದ್ಯರು ರಿಸ್ಪೆರಿಡೋನ್ ಶುರುಮಾಡಿದರು. ಅತ್ತೆ ಅತ್ತರು. "ಇಷ್ಟು ಸಣ್ಣ ಪ್ರಾಯದಲ್ಲಿ ತಲೆಯ ಮದ್ದು ಕೊಡುವುದಾ?" ನಾನೂ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ. ಆಟಿಸಂ ವಾಸಿಮಾಡುವ ಮದ್ದು ಯಾವುದೂ ಇಲ್ಲ. ಈ ಔಷಧಕ್ಕೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿದ್ದು ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕು, ಹೊಡೆತಬಡಿತ ತಗ್ಗಿಸಲಿಕ್ಕೆ ಮಾತ್ರ. ಅದು ನಿಜಕ್ಕೂ ತಗ್ಗಿತು. ಆದರೆ ಹಸಿವು! ಎರಡು ದೋಸೆ ತಿನ್ನುವವನು ಆರು ತಿಂದು ಹಿಟ್ಟಿನ ಪಾತ್ರೆ ನೋಡುತ್ತಿದ್ದ. ಏಳು ತಿಂಗಳಲ್ಲಿ ಏಳು ಕಿಲೋ ಏರಿದ. "ಈಗ ಮಗು ಚೆಂದ ಆಗಿದ್ದಾನೆ" ಎಂದು ಬಿಲ್ಡಿಂಗಿನವರು ಹೊಗಳಿದರು. ತೂಕ, ರಕ್ತಪರೀಕ್ಷೆ ನೋಡಿದ ವೈದ್ಯರಿಗೆ ಮಾತ್ರ ಸಮಾಧಾನವಿರಲಿಲ್ಲ.

2023ರ ಜೂನ್. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಈ ತಿಂಗಳ ಬಗ್ಗೆ.

ಹಳೆಯ ಶಾಲೆಯವರು "ನಿಮ್ಮ ಖರ್ಚಿನಲ್ಲಿ ಶ್ಯಾಡೋ ಟೀಚರ್ ಇಡಿ, ಇಲ್ಲವಾದರೆ ಬೇರೆ ಶಾಲೆ ನೋಡಿ" ಎಂದಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸರಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು ಬೇಕಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಅದರ 16ನೇ ಸೆಕ್ಷನ್. ಆಗ ನನಗೆ ಗೊತ್ತಿರಲಿಲ್ಲ. ಎಂ.ಟೆಕ್. ಮಾಡಿದವಳು ಒಂದು ಕಾಯ್ದೆ ಓದಿರಲಿಲ್ಲ. ಜಗಳ ಬೇಡವೆಂದು ಚಿಕ್ಕ ಶಾಲೆಯೊಂದಕ್ಕೆ ಸೇರಿಸಿದೆವು. ಅದೇ ವಾರ ಹಳೆಯ ಔಷಧ ಸ್ವಲ್ಪಸ್ವಲ್ಪವೇ ಇಳಿಸುತ್ತಾ, ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧ ಶುರುವಾಯಿತು. ಸಾಲದ್ದಕ್ಕೆ ಅತ್ತೆ ಊರಿಗೆ ಹೋದರು, ಮಳೆಯೂ ಹಿಡಿಯಿತು.

ಎರಡನೇ ವಾರ ಹುಡುಗ ನಿದ್ದೆ ಬಿಟ್ಟ. ರಾತ್ರಿ ಎರಡು ಗಂಟೆಗೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಟ. ತನ್ನ ಕೈ ತಾನೇ ಕಚ್ಚಿಕೊಂಡ. ಶಾಲೆಯವರು ಔಷಧದಿಂದ ಎಂದರು. ನಾವು ಶಾಲೆಯಿಂದ ಎಂದೆವು. ಅತ್ತೆ ಫೋನಿನಲ್ಲಿ ನಾನಿಲ್ಲದ್ದರಿಂದ ಎಂದರು. ಯಾರು ಸರಿ ಎಂದು ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಎಲ್ಲವನ್ನೂ ನಾವು ಒಟ್ಟಿಗೆ ಬದಲಾಯಿಸಿದ್ದೆವು.

ನನ್ನ ಕೆಲಸದಲ್ಲಿ ಇದು ಮೊದಲ ಪಾಠ. ಓಡುತ್ತಿರುವ ಸಿಸ್ಟಮ್‌ನಲ್ಲಿ ಎರಡು ಬದಲಾವಣೆ ಒಟ್ಟಿಗೆ ಮಾಡಬಾರದು. ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಗೊತ್ತಾಗುವುದಿಲ್ಲ. ಆಫೀಸಿನಲ್ಲಿ ಜೂನಿಯರ್ ಒಬ್ಬ ಹಾಗೆ ಮಾಡಿದರೆ ನಾನು ಬಿಡುವವಳಲ್ಲ. ಮನೆಯಲ್ಲಿ ನಾನೇ ಮಾಡಿದೆ.

ಎಸ್‌ಎಸ್‌ಆರ್‌ಐ ಶುರುಮಾಡಿದಾಗ ಕೆಲವು ಮಕ್ಕಳಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ರಾಹೀನತೆ ಹೆಚ್ಚಾಗುತ್ತದೆ. ವೈದ್ಯರು ಇದನ್ನು ಮೊದಲೇ ಹೇಳಿದ್ದರು. ಆಟಿಸಂ ಇರುವ ಮಕ್ಕಳಲ್ಲಿ ಈ ಗುಂಪಿನ ಔಷಧಕ್ಕೆ ಆಧಾರ ಅಷ್ಟು ಗಟ್ಟಿಯಾಗಿಲ್ಲ, ನೋಡಿಕೊಂಡು ಹೋಗೋಣ ಎಂದೂ ಹೇಳಿದ್ದರು. ಕೇಳಿಸಿಕೊಂಡದ್ದು ನೆನಪಿಗೆ ಬರಲಿಲ್ಲ. ಅವರು ಡೋಸ್ ಕಡಿಮೆ ಮಾಡಿ ತುಂಬ ನಿಧಾನವಾಗಿ ಏರಿಸಿದರು. ಹಳೆಯದನ್ನು ಇಳಿಸುವುದನ್ನು ಎರಡು ತಿಂಗಳು ನಿಲ್ಲಿಸಿಟ್ಟರು. ಎಷ್ಟು ಮಿಲಿಗ್ರಾಂ ಎಂದು ನಾನು ಇಲ್ಲಿ ಹೇಳುವುದಿಲ್ಲ, ಊಟದ ಹೊತ್ತಿಗೆ ಕೇಳಿದರೂ ಹೇಳುವುದಿಲ್ಲ. ನಿಮ್ಮ ಮಗುವಿಗೆ ಅದು ಲೆಕ್ಕವಲ್ಲ. ಇನ್ನೊಂದು ಮಾತು: ಸರಿಹೋಯಿತೆಂದು ಇಂಥ ಔಷಧವನ್ನು ನಾವೇ ಥಟ್ಟನೆ ನಿಲ್ಲಿಸಬಾರದು.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲು ಎಕ್ಸೆಲ್ ಮಾಡಿದ್ದೆ, ಬಣ್ಣ ಬಣ್ಣದ ಗ್ರಾಫ್ ಸಮೇತ. ಗಂಡ, ಅತ್ತೆ ಯಾರೂ ತುಂಬಲಿಲ್ಲ. ಈಗ ಫ್ರಿಜ್ಜಿನ ಮೇಲೆ ನೂರು ಪುಟದ ಪುಸ್ತಕ, ದಾರ ಕಟ್ಟಿದ ಪೆನ್ನು. ನಿದ್ದೆ ಎಷ್ಟು ಗಂಟೆ, ಏನು ತಿಂದ, ಶಾಲೆಯಲ್ಲಿ ಹೊಸದೇನಾಯಿತು, ಔಷಧ ಎಷ್ಟು. ದಿನಕ್ಕೆ ನಾಲ್ಕು ಸಾಲು. ಅತ್ತೆ ಕನ್ನಡದಲ್ಲಿ ಬರೆಯುತ್ತಾರೆ, "ಇವತ್ತು ನಾಲ್ಕು ಸಲ ನಕ್ಕ" ಎಂದು. ನನ್ನ ಗ್ರಾಫಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಮಳೆಗಾಲದ ಕಥೆ ಹೇಳದೆ ಮುಗಿಸಲಾರೆ. ನಮ್ಮ ಊರಿನಲ್ಲಿ ರಾತ್ರಿ ಹತ್ತಕ್ಕೆ "ನಾಳೆ ಶಾಲೆಗೆ ರಜೆ" ಎಂದು ಬರುತ್ತದೆ. ಉಳಿದ ಮಕ್ಕಳು ಕುಣಿಯುತ್ತಾರೆ, ನಮ್ಮವನು ಅಳುತ್ತಾನೆ. ಚೀಲ ತುಂಬಿ ಆಗಿದೆ, ನಾಳೆ ಯಾವ ಟೀಚರ್ ಎಂದು ಕೇಳಿ ಆಗಿದೆ. ಹೊಸ ಶಾಲೆಯ ಟೀಚರ್ ಒಬ್ಬರು ಹವಾಮಾನ ಇಲಾಖೆಯ ಬಣ್ಣಗಳನ್ನು ತೋರಿಸಿದರು: ಹಸಿರು, ಹಳದಿ, ಕೇಸರಿ, ಕೆಂಪು. ಕೆಂಪಾದರೆ ರಜೆ ಇರಬಹುದು. "ಬಹುದು" ಎಂಬ ಶಬ್ದ ಕಲಿಸಲು ಒಂದು ಮಳೆಗಾಲವೇ ಹಿಡಿಯಿತು. ಈಗ ಮುನಿಸಿಪಾಲಿಟಿಯವರು ಪ್ರಕಟಿಸುವ, ಸಮುದ್ರದ ಉಬ್ಬರ ನಾಲ್ಕೂವರೆ ಮೀಟರ್ ಮೀರುವ ದಿನಗಳ ಪಟ್ಟಿ ಅವನಿಗೆ ಬಾಯಿಪಾಠ. ಸೊಸೈಟಿಯ ವಾಚ್‌ಮನ್ ಕೂಡ ಅವನನ್ನೇ ಕೇಳುತ್ತಾನೆ.

ಹಣ ಸುಲಿಯುವವರ ಬಗ್ಗೆಯೂ ಹೇಳಬೇಕು. ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ, ಲಕ್ಷಗಟ್ಟಲೆ ಆಗುತ್ತದೆ, ಆದರೆ ಮಗು ಮಾಮೂಲಾಗುತ್ತಾನೆ ಎಂದು ನಮಗೂ ಒಬ್ಬರು ಹೇಳಿದ್ದರು. ಬಂಗಾರ ಅಡವಿಡುವ ಲೆಕ್ಕವೂ ಹಾಕಿದ್ದೆವು. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಅದರ ಪ್ರಚಾರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲೇ ಹೇಳಿದೆ. ಅದರ ಬದಲು ಅಂಗವಿಕಲತೆಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಮಾಡಿಸಿ. "ಮಗುವಿನ ಮೇಲೆ ಮುದ್ರೆ ಒತ್ತಿದ ಹಾಗೆ" ಎಂದು ನಾವು ಎರಡು ವರ್ಷ ತಡಮಾಡಿದೆವು. ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೆ, ಲೋಕಲ್‌ನಲ್ಲಿ ದಿವ್ಯಾಂಗರ ಡಬ್ಬಿಗೆ ಅದೇ ಆಧಾರ.

ಈಗ ಎಲ್ಲ ಸರಿಯಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹಳೆಯ ಔಷಧ ನಿಂತಿದೆ, ಹೊಸದು ಮುಂದುವರಿದಿದೆ. ಪ್ರಶ್ನೆ ನಲವತ್ತೆರಡರಿಂದ ಐದಾರಕ್ಕೆ ಇಳಿದಿದೆ. ಮುಂದಿನ ವರ್ಷ ಐದನೇ ತರಗತಿ, ಬೇರೆ ಮಹಡಿ, ವಿಷಯಕ್ಕೊಬ್ಬರು ಟೀಚರ್. ಆ ಜೂನ್‌ನಲ್ಲಿ ಔಷಧ ಮುಟ್ಟುವುದಿಲ್ಲ ಎಂದು ವೈದ್ಯರೊಡನೆ ಈಗಲೇ ಮಾತಾಗಿದೆ. ಅತ್ತೆಯೂ ಊರಿಗೆ ಹೋಗುವುದನ್ನು ದೀಪಾವಳಿಗೆ ಮುಂದೂಡಿದ್ದಾರೆ.

ನಮ್ಮ ಸಂಘದ ಬಗ್ಗೆ ಒಂದು ಮಾತು. ನಾಲ್ಕು ವರ್ಷದ ಹಿಂದೆ ಯಕ್ಷಗಾನಕ್ಕೆ ಬಂದಿದ್ದೆವು. ಚೆಂಡೆ ಶುರುವಾದದ್ದೇ ಪುಟ್ಟ ಕಿವಿ ಮುಚ್ಚಿ ಕಿರುಚಿದ. "ತಾಯಿ ಕೆಲಸಕ್ಕೆ ಹೋದರೆ ಹೀಗೇ" ಎಂದು ಹಿಂದಿನ ಸಾಲಿನಿಂದ ಕೇಳಿಸಿತು. ಆಮೇಲೆ ಮೂರು ವರ್ಷ ನಾವು ಇತ್ತ ಬರಲಿಲ್ಲ. ಯಾರು ಹೇಳಿದ್ದೆಂದು ನಾನು ತಿರುಗಿ ನೋಡಿರಲಿಲ್ಲ, ಈಗಲೂ ಬೇಕಾಗಿಲ್ಲ. ಆದರೆ ಸಭಾಂಗಣದ ಪಕ್ಕ ಕುರ್ಚಿ ಪೇರಿಸಿಡುವ ಒಂದು ಕೋಣೆ ಉಂಟಲ್ಲ, ಕಾರ್ಯಕ್ರಮದ ದಿನ ಅದನ್ನು ಖಾಲಿ ಮಾಡಿ ಒಂದು ಚಾಪೆ ಹಾಸಿ, ಲೈಟ್ ಕಡಿಮೆ ಮಾಡಿಡಿ. ನಮ್ಮಂಥ ಒಂದೆರಡು ಮನೆಯವರು ಪುನಃ ಬರುತ್ತಾರೆ. ಕಾರ್ಯಾಧ್ಯಕ್ಷೆಯವರು ತಲೆಯಾಡಿಸಿದ್ದು ಕಂಡಿತು, ಬರೆದಿಟ್ಟುಕೊಳ್ಳಿ ಅಕ್ಕ.

ಪುಟ್ಟ ಇವತ್ತು ಬಂದಿದ್ದಾನೆ. ಕೊನೆಯ ಸಾಲು, ಬಾಗಿಲ ಪಕ್ಕ, ನೀಲಿ ಹೆಡ್‌ಫೋನ್. ದಯವಿಟ್ಟು ಎಲ್ಲರೂ ತಿರುಗಿ ನೋಡಬೇಡಿ. ಅಮ್ಮ ಎಷ್ಟು ನಿಮಿಷ ಮಾತಾಡುತ್ತಾಳೆ ಎಂದು ಬೆಳಿಗ್ಗೆಯೇ ಕೇಳಿದ್ದ. 15 ಎಂದು ಹೇಳಿದ್ದೇನೆ. ಈಗ 14 ಆಯಿತು, ಅವನು ಗಡಿಯಾರ ನೋಡುತ್ತಿದ್ದಾನೆ.