ಹಲ್ಲು ಮತ್ತು ನೀರು

ಹಲ್ಲು ಕೆಟ್ಟವನನ್ನು ಕಂಡರೆ ಲೋಕವು ಮೊದಲು ಶಂಕಿಸುವುದು ಅವನ ಶುಚಿತ್ವವನ್ನು. ಈ ಶಂಕೆ ಎಲ್ಲ ಊರುಗಳಲ್ಲಿಯೂ ನ್ಯಾಯವಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯ ವಿದ್ಯಾರ್ಥಿಗಳಿಗೆ ನಾನು ಪಾಠ ಹೇಳಿದ್ದೇನೆ. ನಿತ್ಯವೂ ತಪ್ಪದೆ ಹಲ್ಲುಜ್ಜುವ ಮಕ್ಕಳೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೂ ಮಳೆಯನ್ನೇ ನಂಬಿದವಳು. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದವು. ಅಲ್ಲಿ ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ.

ಇಲ್ಲೊಂದು ವಿಚಿತ್ರವುಂಟು. ಫ್ಲೋರೈಡ್ ಅಲ್ಪವಾದರೆ ಹಲ್ಲನ್ನು ಹುಳುಕಿನಿಂದ ಕಾಯುತ್ತದೆ; ಲೀಟರಿಗೆ 1.5 ಮಿಲಿಗ್ರಾಂ ಮೀರಿತೆಂದರೆ ಬೆಳೆಯುವ ಮಕ್ಕಳ ದಂತಕವಚವನ್ನು ಕೆಡಿಸುತ್ತದೆ. ಮೊದಲು ಕಲೆ ಮೂಡುತ್ತದೆ. ದೋಷ ತೀವ್ರವಾದಲ್ಲಿ ಕುಳಿ ಬಿದ್ದು, ಅದರಲ್ಲಿಯೇ ಹುಳುಕು ಮನೆಮಾಡುತ್ತದೆ. ಸುಮಾರು ಎಂಟು ವರ್ಷದೊಳಗೆ ಆದ ಈ ಹಾನಿಯನ್ನು ಯಾವ ಹಲ್ಲುಪುಡಿಯೂ ತೊಳೆಯಲಾರದು. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಸಿಹಿತಿಂಡಿ ಮಿತವಾಗಿರಲಿ, ಹಲ್ಲುಜ್ಜುವ ಅಭ್ಯಾಸ ತಪ್ಪದಿರಲಿ. ಆದರೆ ಮಗುವನ್ನು ಗದರಿಸುವ ಮೊದಲು ಮನೆಯಲ್ಲಿ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಸೋಸಿ, ಶುದ್ಧಗೊಳಿಸಿ ಕೂಡಿಡಿರಿ. ಈ ದೋಷ ಅದಕ್ಕೆ ಇಲ್ಲವೆನ್ನಬಹುದು. ಹಲ್ಲುಜ್ಜುವುದು ಮಗುವಿನ ಕೆಲಸ. ಒಳ್ಳೆಯ ನೀರು ಕೊಡುವುದು ಹಿರಿಯರಾದ ನಮ್ಮ ಕೆಲಸ.