ಗೋಡೆಯೊಳಗೆ ಸೋರುವ ನೀರು



ಇವತ್ತು ಮನೆಯ ಗೋಡೆಯೊಳಗೆ, ನೆಲದಡಿಯಲ್ಲಿ ಸದ್ದಿಲ್ಲದೆ ಸೋರುವ ಪೈಪಿನ ವಿಚಾರ ಮಾತಾಡೋಣ. ಕೇಳುವುದಕ್ಕೆ ಸಣ್ಣದು. ಆದರೆ ಬಾಡಿಗೆ ಮನೆಯಲ್ಲಿ ಮುಂಗಡ ಹಣ ಕೊಟ್ಟು ಕೂತವರಿಗೆ, ಅಪಾರ್ಟ್‌ಮೆಂಟಿನಲ್ಲಿ ಇದೇ ಕಾರಣಕ್ಕೆ ಮೇಲಿನ ಮನೆಯವರೊಡನೆ ಮಾತು ಬಿಟ್ಟವರಿಗೆ ಇದರ ತಾಪತ್ರಯ ಚೆನ್ನಾಗಿ ಗೊತ್ತು.

ಮೊದಲು ಒಂದು ಲೆಕ್ಕ. ಸೆಕೆಂಡಿಗೆ ಒಂದೇ ಹನಿ ಸೋರುತ್ತಿದೆ ಎನ್ನಿ. ಹನಿಗೆ ಕಾಲು ಮಿಲಿಲೀಟರ್ ಹಿಡಿದರೂ ದಿನದ 86,400 ಹನಿಗೆ 21 ಲೀಟರ್ ಮೀರುತ್ತದೆ. ತಿಂಗಳಿಗೆ ಸುಮಾರು 650 ಲೀಟರ್. ವಿಶಾಖಪಟ್ಟಣಕ್ಕೆ ಈ ನೀರು ಮೇಘಾದ್ರಿಗೆಡ್ಡ, ರೈವಾಡ, ತಾಟಿಪೂಡಿ ಜಲಾಶಯಗಳಿಂದ, ಏಲೇರು ಕಾಲುವೆಯಿಂದ ಬರಬೇಕು. ವಿಜಯವಾಡದವರಿಗೆ ಕೃಷ್ಣೆ ಪಕ್ಕದಲ್ಲೇ ಇದ್ದಾಳೆ, ನಿಜ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಅಷ್ಟು ದೂರ ಬಂದ ನೀರು ಅಡುಗೆಮನೆ ಗೋಡೆಯಲ್ಲಿ ಇಂಗಿಹೋಗುವುದು ನ್ಯಾಯವೇ ಹೇಳಿ!

ಸೋರಿಕೆ ಇದೆಯೋ ಇಲ್ಲವೋ ತಿಳಿಯಲು ಪ್ಲಂಬರ್ ಬೇಕಿಲ್ಲ. ಸ್ವಂತ ಟ್ಯಾಂಕ್ ಇದ್ದರೆ ರಾತ್ರಿ ಮಲಗುವ ಮುನ್ನ ತುಂಬಿಸಿ, ಮೋಟಾರ್ ನಿಲ್ಲಿಸಿ, ಮನೆಯ ಎಲ್ಲ ನಲ್ಲಿ ಮುಚ್ಚಿ. ಟ್ಯಾಂಕಿನೊಳಗೆ ಒಂದು ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಟ್ಯಾಂಕಿನ ಅಡ್ಡಳತೆ ಒಂದು ಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಇಳಿದಿದ್ದಕ್ಕೆ ಸುಮಾರು 8 ಲೀಟರ್ ಹೋಗಿದೆ ಎಂದು ಅರ್ಥ. ಮಾರನೇ ರಾತ್ರಿ ಟ್ಯಾಂಕಿನ ಕೆಳಗಿನ ವಾಲ್ವ್‌ಗಳನ್ನೂ ಮುಚ್ಚಿ ಇದನ್ನೇ ಮಾಡಿ. ಈಗಲೂ ಇಳಿದರೆ ದೋಷ ಟ್ಯಾಂಕಿನದ್ದೇ, ಅಥವಾ ವಾಲ್ವ್ ಗಟ್ಟಿಯಾಗಿ ಕೂರುತ್ತಿಲ್ಲ. ಇಳಿಯದಿದ್ದರೆ ಅಡುಗೆಮನೆಯ ಲೈನು, ಬಚ್ಚಲುಮನೆಯ ಲೈನು ಎಂದು ಒಂದೊಂದನ್ನೇ ತೆರೆದು ನೋಡುತ್ತಾ ಹೋದರೆ ಕಳ್ಳ ಎರಡು ಮೂರು ದಿನದಲ್ಲಿ ಸಿಕ್ಕಿಬೀಳುತ್ತಾನೆ.

ಫ್ಲ್ಯಾಟಿನವರಿಗೆ ಟ್ಯಾಂಕ್ ಎಲ್ಲರದ್ದೂ ಒಂದೇ. ಅವರು ತಮ್ಮ ಮನೆಯ ವಾಲ್ವ್ ಮುಚ್ಚಿ, ಒಂದು ಗಂಟೆ ಯಾವ ನಲ್ಲಿಯನ್ನೂ ತಿರುಗಿಸದೆ ಇರಲಿ. ಆಮೇಲೆ ಒಂದು ನಲ್ಲಿ ತೆರೆದಾಗ ನೀರು ಚಿಮ್ಮಿ ನಿಂತರೆ ಪೈಪಿನಲ್ಲಿ ಒತ್ತಡ ಉಳಿದಿದೆ. ಬರೀ ಗಾಳಿ ಎಳೆದುಕೊಂಡ ಸದ್ದು ಬಂದರೆ ನೀರು ಬೇರೆಲ್ಲೋ ಇಳಿದುಹೋಗಿದೆ.

ಗೋಡೆ ಅಗೆಸುವ ಮುಂಚೆ ಫ್ಲಶ್ ಟ್ಯಾಂಕ್ ನೋಡಿ. ಅದರಲ್ಲಿ ಬಟ್ಟೆಗೆ ಹಾಕುವ ನೀಲಿ ಒಂದು ಚಮಚ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನ ನೀರು ನೀಲಿಯಾದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ. ಎಷ್ಟೋ ಮನೆಗಳ ದೊಡ್ಡ ಸೋರಿಕೆ ಇಷ್ಟೇ.

ಗೋಡೆಯ ಒದ್ದೆಯೆಲ್ಲ ಪೈಪಿನದ್ದಲ್ಲ, ಮುಖ್ಯವಾಗಿ ವಿಶಾಖಪಟ್ಟಣದಲ್ಲಿ. ಕಡಲ ಗಾಳಿಯಲ್ಲಿ ಉಪ್ಪೂ ಇದೆ, ತೇವವೂ ಇದೆ. ಅನುಮಾನ ಇರುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹೊರಮೈ ಬೆವರಿದರೆ ಅದು ಗಾಳಿಯ ತೇವ; ಒಳಮೈ ಬೆವರಿದರೆ ಗೋಡೆಯೊಳಗಿಂದ ಬರುತ್ತಿದೆ. ಸ್ನಾನ ಮಾಡಿದಾಗ ಮಾತ್ರ ಹೆಚ್ಚಾದರೆ ಬಚ್ಚಲ ನೀರು ಹೋಗುವ ದಾರಿ ನೋಡಿ, ಮಳೆ ಬಂದಾಗ ಮಾತ್ರವಾದರೆ ಸಜ್ಜೆ, ತಾರಸಿ ನೋಡಿ. ಹಗಲು ರಾತ್ರಿ ಒಂದೇ ಸಮ ಇದ್ದರೆ ಪೈಪು. ರಾತ್ರಿಯ ನಿಶ್ಶಬ್ದದಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಹಿಡಿದರೆ ಸುಯ್ ಎನ್ನುವ ಸದ್ದು ಎಲ್ಲಿ ಜೋರು ಎಂದು ತಿಳಿಯುತ್ತದೆ. ಸ್ವಿಚ್ ಬೋರ್ಡ್ ಇರುವ ಗೋಡೆ ಒದ್ದೆಯಾಗಿದ್ದರೆ ಮಾತ್ರ ಈ ಪ್ರಯೋಗವೆಲ್ಲ ಬೇಡ. ಮೊದಲು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಇನ್ನೊಂದು ಭಯ, ನೀರು ಹೊರಗೆ ಹೋಗುವುದಕ್ಕಿಂತ ದೊಡ್ಡದು. ನಗರದ ನೀರು ದಿನವಿಡೀ ಬರುವುದಿಲ್ಲ. ಸರಬರಾಜು ನಿಂತಾಗ ಪೈಪು ಬರಿದಾಗುತ್ತದೆ. ಆಗ ಅದೇ ತೂತು ಹೊರಗಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 2018ರ ಮಾರ್ಚ್‌ನಲ್ಲಿ ವಿಜಯವಾಡದ ಪಕ್ಕದ ಗುಂಟೂರಿನಲ್ಲಿ ಕಲುಷಿತ ನೀರಿನಿಂದ ವಾಂತಿ ಭೇದಿ ಹರಡಿ ಹಲವರು ಪ್ರಾಣ ಕಳೆದುಕೊಂಡರು. ಆದ್ದರಿಂದ ರಸ್ತೆಯಿಂದ ಸಂಪಿಗೆ ಬರುವ ಪೈಪು ಮೋರಿಯ ಪಕ್ಕ ಹಾದಿದ್ದರೆ ಅದನ್ನೇ ಮೊದಲು ಪರೀಕ್ಷಿಸಿ. 2024ರ ಸೆಪ್ಟೆಂಬರಿನ ಬುಡಮೇರು ಪ್ರವಾಹದಲ್ಲಿ ಮುಳುಗಿದ್ದ ವಿಜಯವಾಡದ ಮನೆಗಳವರು ಸಂಪಿನ ಗೋಡೆಯ ಬಿರುಕನ್ನೂ ನೋಡಿಕೊಳ್ಳಲಿ.

ಈಗ ಪ್ಲಂಬರ್. ಇಲ್ಲಿ ತೆಲುಗು ಬೇಕು, ಹೆದರಬೇಡಿ. ನಮ್ಮ ಕೊಳಾಯಿ ಇವರಿಗೆ ಕುಳಾಯಿ, ಗೋಡೆ ಗೋಡ. ‘ಗೋಡಲೋ ನೀಳ್ಳು ಕಾರುತುನ್ನಾಯಿ’ ಎಂದರೆ ಸಾಕು. ನಮ್ಮ ಕಿವಿಗೆ ಗೋಡೆ ವಾಂತಿ ಮಾಡಿಕೊಂಡಂತೆ ಕೇಳಿಸಿದರೂ ಅವರಿಗೆ ಅರ್ಥವಾಗುತ್ತದೆ.

ಹಳೆಯ ಜಿ.ಐ. ಪೈಪು ಸಾಮಾನ್ಯವಾಗಿ ಮರೆ ಕೊರೆದ ಕಡೆ, ಎಲ್ಬೋ ಬಳಿ ತುಕ್ಕು ಹಿಡಿದು ಸೋರುತ್ತದೆ. ಅಲ್ಲಿಗೆ ಮೇಲಿಂದ ಸಿಮೆಂಟ್ ಮೆತ್ತಿಸುವುದು ದಂಡ. ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದರೆ ಎರಡು ದಿನ ತಡೆದೀತು, ಅಷ್ಟೇ. ಒಂದು ಕಡೆ ತುಕ್ಕು ಕಂಡರೆ ಅಕ್ಕಪಕ್ಕದ ತುಂಡೂ ಅದೇ ವಯಸ್ಸಿನದ್ದು. ಆ ಲೈನನ್ನೇ ಬದಲಿಸುವುದು ಲೇಸು. ಬಿಸಿನೀರಿನ ಲೈನಿಗೆ ಸಿ.ಪಿ.ವಿ.ಸಿ. ಪೈಪನ್ನೇ ಹಾಕಿಸಿ, ಅಂಟೂ ಅದಕ್ಕೆಂದೇ ಇರುವುದಾಗಿರಲಿ. ಅಂಟು ಹಚ್ಚಿದ ಕೂಡಲೇ ನೀರು ಬಿಡಲು ಆತುರಪಡಬೇಡಿ, ಡಬ್ಬಿಯ ಮೇಲೆ ಬರೆದಿರುವಷ್ಟು ಹೊತ್ತು ಕಾಯಿರಿ.

ಗೋಡೆ ಮುಚ್ಚುವ ಮೊದಲು ಒಂದು ರಾತ್ರಿ ನೀರು ತುಂಬಿಸಿಟ್ಟು, ಕೋಲಿನ ಪರೀಕ್ಷೆ ಮತ್ತೆ ಮಾಡಿ. ಕೆಲಸದವರು ಟೈಲ್ಸ್ ಕೂರಿಸಿ ಹಣ ತೆಗೆದುಕೊಂಡು ಹೊರಡಲು ಅವಸರಪಡುತ್ತಾರೆ. ಉಳಿದ ಹಣ ನಾಳೆ ಬೆಳಿಗ್ಗೆ ಎನ್ನಿ. ಅಗೆದ ಗೋಡೆಯ ಫೋಟೋ ತೆಗೆದು, ಪೈಪು ಬಾಗಿಲಿನಿಂದ ಎಷ್ಟು ಅಡಿ, ನೆಲದಿಂದ ಎಷ್ಟು ಎತ್ತರ ಎಂದು ಬರೆದಿಡಿ. ಬಾಡಿಗೆಯವರಾದರೆ ಅಗೆಸುವ ಮೊದಲೇ ಮನೆ ಯಜಮಾನರನ್ನು ಕರೆದು ಕೋಲಿನ ಎರಡು ಗುರುತುಗಳನ್ನು ತೋರಿಸಿ, ಖರ್ಚು ಯಾರದ್ದೆಂದು ಅಲ್ಲೇ ಮಾತಾಡಿಕೊಳ್ಳಿ.