ಕಲ್ಲು ಬಂಗಲೆಯ ಅಂಗಳದಲ್ಲಿ



ಕಳೆದ ಬಾರಿ ಹತ್ತನೆಯ ತರಗತಿಯ ಮಕ್ಕಳೊಡನೆ ನಾವು ಉದಕಮಂಡಲಕ್ಕೆ ಪ್ರವಾಸ ಹೋಗಿದ್ದೆವು. ಸಸ್ಯೋದ್ಯಾನಕ್ಕೆ ಓಡಲು ಆತುರಪಡುತ್ತಿದ್ದವರನ್ನು ತಡೆದು ಮೊದಲು ಸರ್ಕಾರಿ ಕಲಾ ಕಾಲೇಜಿನ ಆವರಣಕ್ಕೆ ಕರೆದೊಯ್ದೆವು. ಅಲ್ಲಿರುವ ಸ್ಟೋನ್ ಹೌಸ್ ಆ ಊರಿನ ಮೊದಲ ಐರೋಪ್ಯ ಮನೆ. ಕೊಯಮತ್ತೂರಿನ ಕಲೆಕ್ಟರರಾಗಿದ್ದ ಜಾನ್ ಸಲ್ಲಿವನ್ 1822ರಲ್ಲಿ ಅದನ್ನು ಕಟ್ಟಿಸಲಾರಂಭಿಸಿದರು. ಆ ಜಿಲ್ಲೆ ನಮಗೆ ಪರಕೀಯವಲ್ಲ. ಕೊಳ್ಳೇಗಾಲ 1956ರವರೆಗೆ ಅದರಲ್ಲಿದ್ದಿತು, ನಮ್ಮ ತಾಳವಾಡಿ 1979ರವರೆಗೆ.

ಆ ನೆಲದ ಮೂಲನಿವಾಸಿಗಳಾದ ತೋಡರ ಮನೆಗಳು ಬಿದಿರು, ಬೆತ್ತ, ಹುಲ್ಲುಗಳಿಂದ ಕಮಾನಿನಂತೆ ಬಾಗಿದವು. ಬಾಗಿಲೋ, ತೆವಳಿಕೊಂಡೇ ಒಳಸೇರಬೇಕಾದಷ್ಟು ಕಿರಿದು. ಅಂತಹ ಕಡೆ ಕಲ್ಲಿನ ಗೋಡೆ ಎದ್ದಾಗ ಜನರು ಅದನ್ನು ‘ಕಲ್ ಬಂಗ್ಲಾ’ ಎಂದೇ ಕರೆದರು. ‘ಕಲ್’ ಯಾರ ಪದ, ತಮಿಳಿನದೋ ಬಡಗರದೋ ನಮ್ಮದೋ ಎಂದು ಮಕ್ಕಳು ಹಿಂದಿರುಗುವಾಗ ಬಸ್ಸಿನಲ್ಲಿ ಜಗಳವಾಡಿದರು. ನಾವು ತೀರ್ಪು ಕೊಡಲಿಲ್ಲ.

ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ನೆಲವನ್ನು ಕೊಂಡರೆಂಬುದು ಪ್ರಸಿದ್ಧ ಸಂಗತಿ. ಅದನ್ನು ಹೇಳಿದೊಡನೆ ಒಬ್ಬ ಹುಡುಗಿ, “ಆ ಬೆಲೆ ಕಟ್ಟಿದವರು ಯಾರು, ಟೀಚರ್?” ಎಂದಳು. ಮುಂದೆ ತೋಡರ ಭೂಮಿಹಕ್ಕಿನ ಪರವಾಗಿ ಸಲ್ಲಿವನ್ನರೇ ಸರ್ಕಾರದೊಡನೆ ವಾದಿಸಿದರೆಂದು ತಿಳಿಸಿದೆವು. ಆಕೆಗೆ ಸಮಾಧಾನವಾಗಲಿಲ್ಲ, ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ.

ಸಮೀಪದ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಬಂದವು. ಅದೇ ಚರ್ಚಿನ ಅಂಗಳದಲ್ಲಿ ಸಲ್ಲಿವನ್ನರ ಪತ್ನಿಯ ಮತ್ತು ಮಗಳ ಸಮಾಧಿಗಳಿವೆ. ಕಟ್ಟಿಸಿದವರ ಹೆಸರುಗಳು ಹೀಗೆ ಉಳಿದಿವೆ. ಆ ಬಂಗಲೆಗಾಗಿ ಕಲ್ಲು ಕಡಿದವರ ಹೆಸರು ಮಾತ್ರ ನಮಗೆ ಎಲ್ಲಿಯೂ ಕಾಣಲಿಲ್ಲ.

ಮನೆಯಾಗಿದ್ದುದು ಮದ್ರಾಸ್ ಸರ್ಕಾರದ ಬೇಸಿಗೆಯ ಕಚೇರಿಯಾಯಿತು, 1955ರಲ್ಲಿ ಕಾಲೇಜಾಯಿತು. ಇಂದಿಗೂ ಅಲ್ಲಿ ಪಾಠ ನಡೆಯುತ್ತಿದೆ.

ಇದನ್ನೆಲ್ಲ ಇಂದು ಹೇಳಲು ಕಾರಣವುಂಟು. ನಮ್ಮ ಹಳೆಯ ಹೆಂಚಿನ ಕಟ್ಟಡವನ್ನು ಕೆಡವಬೇಕೇ ಉಳಿಸಬೇಕೇ ಎಂಬುದನ್ನು ಮುಂದಿನ ತಿಂಗಳು ಸಮಿತಿ ನಿರ್ಧರಿಸಲಿದೆ. ಮಳೆಗಾಲದಲ್ಲಿ ಅದು ಸೋರುತ್ತದೆ. ಬಕೆಟ್ಟು ಇಟ್ಟು ಪಾಠ ಮಾಡಿದವರು ನಾವೇ, ಆದ್ದರಿಂದ ಸೋರುವುದಿಲ್ಲವೆಂದು ವಾದಿಸಲಾರೆವು. ಆದರೆ ತೊಲೆಗಳನ್ನೂ ಗೋಡೆಗಳನ್ನೂ ಬಲ್ಲವರಿಂದ ಪರೀಕ್ಷಿಸದೆ ತೀರ್ಮಾನಿಸಬಾರದೆಂದು ಸಮಿತಿಯಲ್ಲಿ ವಿನಂತಿಸುತ್ತೇವೆ. ಆ ಕಟ್ಟಡಕ್ಕೆ ಕಲ್ಲು ಹೊತ್ತವರ, ಗಾರೆ ಕಲಸಿದವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲಿದ್ದರೆ, ದಯವಿಟ್ಟು ಆ ಹಿರಿಯರ ಹೆಸರನ್ನು ಇಂದೇ ಕಚೇರಿಯಲ್ಲಿ ಬರೆಸಿ ಹೋಗಿರಿ. ಗುಮಾಸ್ತರು ಸಂಜೆ ಆರರವರೆಗೂ ಇರುತ್ತಾರೆ.